ಮೆಥ್ ಮತ್ತು ಹಿಗ್ಗಿದ ಹೃದಯ: 33 ವರ್ಷದ ಒಬ್ಬ ರೋಗಿಯ ಪ್ರಕರಣ ಅಧ್ಯಯನ

ಮೊದಲು ಬಂದದ್ದು ಕೆಮ್ಮು. ರಾತ್ರಿ ಮಲಗಿದರೆ ಜಾಸ್ತಿ, ಎದ್ದು ಕೂತರೆ ಕಡಿಮೆ. ಒಂದು ಕಡೆ ಎದೆಯಲ್ಲಿ ಕಫ ಕಟ್ಟಿದೆ ಅಂತ ಆಂಟಿಬಯಾಟಿಕ್ ಬರೆದರು. ಇನ್ನೊಂದು ಕಡೆ ಉಬ್ಬಸ ಇರಬಹುದು ಅಂತ ಇನ್ಹೇಲರ್ ಕೊಟ್ಟರು. ಇನ್ಹೇಲರ್ ಎಳೆದಾಗಲೆಲ್ಲ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತಿತ್ತು, ದಮ್ಮು ಮಾತ್ರ ಇಳಿಯಲಿಲ್ಲ. ಹೀಗೇ ಆರು ವಾರ ಹೋಯಿತು. ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು. ಕೊನೆಗೆ ಕುರ್ಚಿಯಲ್ಲಿ ಕೂತೇ ನಿದ್ದೆ. ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ.

ವಯಸ್ಸು 33. ರಾತ್ರಿ ಪಾಳಿಯ ಕೆಲಸ. ಬಿಪಿ, ಸಕ್ಕರೆ ಯಾವುದೂ ಇದೆ ಅಂತ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಹೃದಯದ ಕಾಯಿಲೆ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಯಾರೋ ಒಬ್ಬ ವ್ಯಕ್ತಿಯ ಕಥೆ ಅಲ್ಲ. ಇಂಥ ರೋಗಿಗಳಲ್ಲಿ ಮತ್ತೆ ಮತ್ತೆ ಕಾಣುವ ವಿವರಗಳನ್ನು ಸೇರಿಸಿ ಒಂದು ಪ್ರಕರಣವಾಗಿ ಕಟ್ಟಿದ್ದೇನೆ. ರೋಗಿಯ ಅಂಕಿಗಳೂ ಆ ಚಿತ್ರಕ್ಕೆ ಹೊಂದುವಂಥವು.

ತುರ್ತು ವಿಭಾಗದಲ್ಲಿ

ಬೆಳಗಿನ ಜಾವ ಹೆಂಡತಿ ಕರೆತಂದಾಗ ಆತ ಒಂದು ವಾಕ್ಯ ಪೂರ್ತಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ನಾಡಿ ನಿಮಿಷಕ್ಕೆ 124. ಬಿಪಿ 152/104. ಉಸಿರು ನಿಮಿಷಕ್ಕೆ 32 ಸಲ. ರಕ್ತದ ಆಮ್ಲಜನಕ ಶೇ 88. ಕತ್ತಿನ ರಕ್ತನಾಳ ಕಿವಿಯ ತನಕ ಉಬ್ಬಿ ನಿಂತಿತ್ತು. ಎರಡೂ ಶ್ವಾಸಕೋಶದ ಬುಡದಲ್ಲಿ ನೀರಿನ ಚಿಟಪಟ ಸದ್ದು. ಕಾಲನ್ನು ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು.

ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್‌ನ ಗುರುತು ಇರಲಿಲ್ಲ. ಬಡಿತ ಜೋರು, ಎಡ ಕುಹರ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆ, ದಪ್ಪಗಾದ ಲಕ್ಷಣ, ಜೊತೆಗೆ ಕ್ಯೂಟಿಸಿ (ಒಂದು ಬಡಿತಕ್ಕೆ ಕುಹರಗಳ ವಿದ್ಯುತ್ ಕೆಲಸ ಹಿಡಿಯುವ ಸಮಯ) 490 ಮಿಲಿಸೆಕೆಂಡ್. ಗಂಡಸರಲ್ಲಿ ಅದು 450ರ ಒಳಗಿರಬೇಕು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಸ್ವಲ್ಪ ಏರಿತ್ತು, ಆದರೆ ಮೂರು ಗಂಟೆ ಬಿಟ್ಟು ಮತ್ತೆ ನೋಡಿದಾಗಲೂ ಅಷ್ಟೇ ಇತ್ತು. ಹಾರ್ಟ್ ಅಟ್ಯಾಕ್ ಆಗಿದ್ದರೆ ಅದು ಏರುತ್ತಾ ಅಥವಾ ಇಳಿಯುತ್ತಾ ಹೋಗಬೇಕು. ಇಲ್ಲಿ ಹೃದಯದ ಸ್ನಾಯುವಿಗೆ ದಿನವೂ ಸ್ವಲ್ಪ ಸ್ವಲ್ಪ ಏಟು ಬೀಳುತ್ತಿದೆ ಅನ್ನುವ ಸೂಚನೆ.

ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿದಾಗ ವಿಷಯ ಗೊತ್ತಾಯಿತು. ಎಡ ಕುಹರ ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲನ್ನು ಹೊರಕ್ಕೆ ತಳ್ಳುತ್ತದೆ ಅನ್ನುವುದಕ್ಕೆ ಎಜೆಕ್ಷನ್ ಫ್ರಾಕ್ಷನ್ ಅಂತಾರೆ. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅದು ಇಎಫ್. ಸಾಮಾನ್ಯವಾಗಿ ಶೇ 55ರ ಮೇಲಿರುತ್ತದೆ. ಈತನಿಗೆ 18 ಇತ್ತು. ಕುಹರದ ಅಗಲ 6.9 ಸೆಂಟಿಮೀಟರ್. ಹಿಗ್ಗಿ ಹಿಗ್ಗಿ ಜೋಲುಬಿದ್ದ ಎಲಾಸ್ಟಿಕ್ ಹೇಗಿರುತ್ತದೋ ಹಾಗೆ, ಗೋಡೆ ಅಲುಗಾಡುತ್ತಿತ್ತು, ಆದರೆ ಹಿಂಡುತ್ತಿರಲಿಲ್ಲ. ತುದಿಯಲ್ಲಿ ಒಂದೂವರೆ ಸೆಂಟಿಮೀಟರಿನ ಹೆಪ್ಪುಗಟ್ಟಿದ ರಕ್ತದ ಗಡ್ಡೆ. ರಕ್ತ ಸರಿಯಾಗಿ ಹರಿಯದೆ ನಿಂತಲ್ಲೇ ಸುತ್ತಿದರೆ ಹೆಪ್ಪುಗಟ್ಟುತ್ತದೆ. ಆ ಗಡ್ಡೆಯ ಚೂರು ಮೆದುಳಿಗೆ ಹೋದರೆ ಲಕ್ವ.

ಬಡಿತ 124 ಇದೆಯಲ್ಲ, ಇಳಿಸೋಣ ಅಂತ ಕಿರಿಯ ಡ್ಯೂಟಿ ಡಾಕ್ಟರ್ ಬೀಟಾ ಬ್ಲಾಕರ್ ಇಂಜೆಕ್ಷನ್‌ಗೆ ಕೈ ಹಾಕಿದರು. ಹಿರಿಯರು ಬೇಡ ಅಂದರು. ಇಎಫ್ 18 ಇರುವ ಹೃದಯ ಒಂದೊಂದು ಬಡಿತಕ್ಕೆ ತಳ್ಳುವುದೇ ಇಷ್ಟಿಷ್ಟು. ಬಡಿತದ ಸಂಖ್ಯೆ ಹೆಚ್ಚಿಸಿಕೊಂಡೇ ಅದು ಹೇಗೋ ಮೈಗೆ ರಕ್ತ ಒದಗಿಸುತ್ತಿದೆ. ಆ ಆಸರೆಯನ್ನೂ ತೆಗೆದರೆ ಬಿಪಿ ಕುಸಿಯುತ್ತದೆ. ಹಾಗಾಗಿ ಮಾಸ್ಕ್ ಮೂಲಕ ಒತ್ತಡದ ಆಮ್ಲಜನಕ, ನೈಟ್ರೋಗ್ಲಿಸರಿನ್ ಡ್ರಿಪ್, ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್, ಗಡ್ಡೆಗೆ ಹೆಪಾರಿನ್. ಮೊದಲ ದಿನವೇ ಎರಡೂವರೆ ಲೀಟರಿಗೂ ಜಾಸ್ತಿ ಮೂತ್ರ ಹೋಯಿತು. ಸಂಜೆಯ ಹೊತ್ತಿಗೆ ಮಾಸ್ಕ್ ತೆಗೆದು ಮಾತಾಡುವಷ್ಟಾದರು.

ಆಗ ಕೇಳಿದ ಪ್ರಶ್ನೆಗಳಲ್ಲಿ ಒಂದು: "ಕುಡಿತ, ಡ್ರಗ್ಸ್ ಏನಾದರೂ ಇದೆಯಾ?" ಹೆಂಡತಿ ಪಕ್ಕದಲ್ಲೇ ನಿಂತಿದ್ದರು. ಉತ್ತರ "ಇಲ್ಲ ಸರ್". ಫೈಲಿನಲ್ಲಿ ಹಾಗೇ ಬರೆದಾಯಿತು.

ಬೆರಳ ತುದಿ

33ರ ವಯಸ್ಸಿನಲ್ಲಿ ಇಎಫ್ 18 ಅಂದರೆ ಕಾರಣ ಹುಡುಕಲೇಬೇಕು. ಥೈರಾಯ್ಡ್ ಸರಿ ಇತ್ತು. ಕಬ್ಬಿಣದ ಅಂಶ, ಎಚ್‌ಐವಿ, ಎಲ್ಲವೂ ಸರಿ. ಆಂಜಿಯೋಗ್ರಾಮ್‌ನಲ್ಲಿ ರಕ್ತನಾಳಗಳು ಸ್ವಚ್ಛ. ಇಷ್ಟಾದ ಮೇಲೆ ತುಂಬ ಕಡೆ ಫೈಲಿನ ಮೇಲೆ "ಕಾರಣ ತಿಳಿಯದ ಹಿಗ್ಗಿದ ಹೃದಯ" ಅಂತ ಬರೆದು ಮುಗಿಸುತ್ತಾರೆ. ಇಲ್ಲೂ ಹಾಗೇ ಆಗುವುದಿತ್ತು.

ರಾತ್ರಿ ಪಾಳಿಯ ಸಿಸ್ಟರ್ ಎರಡು ವಿಷಯ ಗಮನಿಸಿದ್ದರು. ಒಂದು, ಆತ ಎರಡನೇ ದಿನ ಬಹುತೇಕ ಪೂರ್ತಿ ನಿದ್ದೆ ಹೊಡೆದಿದ್ದ; ಊಟಕ್ಕೆ ಎಬ್ಬಿಸಿದರೆ ಎದ್ದು, ಗಬಗಬ ತಿಂದು, ಮತ್ತೆ ನಿದ್ದೆ. ದಮ್ಮು ಇಳಿದವರು ಚೆನ್ನಾಗಿ ಮಲಗುತ್ತಾರೆ, ನಿಜ. ಆದರೆ ಇದು ವಾರಗಟ್ಟಲೆ ನಿದ್ದೆ ಬಾಕಿ ಇದ್ದವರ ನಿದ್ದೆ. ನಿದ್ದೆಯಲ್ಲೂ ದವಡೆ ಕಟಕಟ ಕಡಿಯುತ್ತಿದ್ದ. ಎರಡನೆಯದು, ಆಕ್ಸಿಮೀಟರ್ ಸಿಕ್ಕಿಸುವಾಗ ಕಂಡದ್ದು: ಬಲಗೈ ಹೆಬ್ಬೆರಳು ಮತ್ತು ತೋರುಬೆರಳ ತುದಿಯಲ್ಲಿ ಸಣ್ಣ ಸಣ್ಣ ಸುಟ್ಟ ಕಲೆ. ಕೆಲವು ಹಳೆಯವು, ಒಂದೆರಡು ಹೊಸವು. ಬಿಸಿ ಗಾಜಿನ ಕೊಳವೆ ಹಿಡಿದವರ ಬೆರಳಲ್ಲಿ ಹೀಗಾಗುತ್ತದೆ. ಅವರು ಇದನ್ನು ದೊಡ್ಡದು ಮಾಡದೆ, ಬೆಳಿಗ್ಗೆ ಪಾಳಿ ಬದಲಾಗುವಾಗ ಹೇಳಿದರು.

ಮೂರನೇ ದಿನ ಬೆಳಿಗ್ಗೆ ಡಾಕ್ಟರ್ ಹೆಂಡತಿಗೆ "ಅಮ್ಮಾ, ನೀವು ಒಂದು ಹತ್ತು ನಿಮಿಷ ಹೊರಗೆ ಕೂತಿರಿ" ಅಂದು, ಕುರ್ಚಿ ಎಳೆದುಕೊಂಡು ಕೂತರು.

"ರಾತ್ರಿ ಡ್ಯೂಟಿಗೆ ಎಚ್ಚರ ಇರೋಕೆ ಏನು ತಗೋತಿದ್ರಿ? ಪೊಲೀಸರಿಗೆ ಹೇಳೋಕಲ್ಲ, ಮನೆಯವರಿಗೂ ಅಲ್ಲ. ನಾವು ಕೊಡೋ ಔಷಧಿ ಅದರ ಮೇಲೆ ಬದಲಾಗುತ್ತೆ, ಅದಕ್ಕೆ ಕೇಳ್ತಿದ್ದೀನಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ: "ಐಸ್, ಸರ್. ಐದು ವರ್ಷ ಆಯ್ತು."

ಐಸ್ ಅಂದರೆ ಹರಳು ರೂಪದ ಮೆಥಾಂಫೆಟಮಿನ್, ಚಿಕ್ಕದಾಗಿ ಮೆಥ್. ಮೊದಲು ತಿಂಗಳಿಗೊಮ್ಮೆ ಗೆಳೆಯರ ಜೊತೆ. ಆಮೇಲೆ ಪಾಳಿ ಇರುವ ರಾತ್ರಿ ಮಾತ್ರ. ಕೊನೆಯ ಎರಡು ವರ್ಷ ವಾರಕ್ಕೆ ನಾಲ್ಕೈದು ದಿನ ಸೇದುವುದು. ದಮ್ಮು ಶುರುವಾದ ಮೇಲೂ ಬಿಡಲಿಲ್ಲ, ಬದಲಿಗೆ ಜಾಸ್ತಿ ಮಾಡಿದರು. ಸುಸ್ತು ಹೋಗಲಿ ಅಂತ. ಆಸ್ಪತ್ರೆಗೆ ಬರುವ ಹಿಂದಿನ ಸಂಜೆಯೂ ಸೇದಿದ್ದರು.

"ಹಾರ್ಟ್‌ಗೆ ಏನಾದ್ರೂ ಆದ್ರೆ ಎದೆನೋವು ಬರುತ್ತೆ ಅಂದ್ಕೊಂಡಿದ್ದೆ. ನನಗೆ ಒಂದು ದಿನಾನೂ ಬಂದಿಲ್ಲ."

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಈ ಮಾತು.

ಎದೆನೋವೇ ಯಾಕೆ ಬರಲಿಲ್ಲ

ಉತ್ತೇಜಕ ಡ್ರಗ್ಸ್ ಹೃದಯಕ್ಕೆ ಮಾಡುವ ಹಾನಿ ಅಂದ ತಕ್ಷಣ ಜನರ ತಲೆಗೆ ಬರುವುದು ಕೊಕೇನ್ ತೆಗೆದುಕೊಂಡು ಪಾರ್ಟಿಯಲ್ಲಿ ಕುಸಿದುಬಿದ್ದವರ ಚಿತ್ರ. ಅದು ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ.

ನಮ್ಮ ನರಗಳ ತುದಿಯಿಂದ ನಾರ್ ಅಡ್ರಿನಲಿನ್ ಅನ್ನುವ ರಾಸಾಯನಿಕ ಹೊರಬಂದು ಹೃದಯಕ್ಕೆ "ಓಡು" ಅನ್ನುತ್ತದೆ. ಕೆಲಸ ಮುಗಿದ ಮೇಲೆ ನರದ ತುದಿ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಕೊಕೇನ್ ಈ ವಾಪಸಾತಿಯನ್ನು ತಡೆಯುತ್ತದೆ. ಹೊರಗೆ ಬಂದದ್ದು ಅಲ್ಲೇ ಉಳಿಯುತ್ತದೆ. ಹೃದಯದ ರಕ್ತನಾಳ ಬಿಗಿಯುತ್ತದೆ, ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳತೊಡಗುತ್ತವೆ, ಅದೇ ಹೊತ್ತಿಗೆ ಹೃದಯ ಜಾಸ್ತಿ ಆಮ್ಲಜನಕ ಬೇಡುತ್ತದೆ. ಬೇಡಿಕೆ ಏರಿದಾಗಲೇ ಪೂರೈಕೆ ನಿಂತರೆ ಹಾರ್ಟ್ ಅಟ್ಯಾಕ್. 1999ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನದ ಪ್ರಕಾರ ಕೊಕೇನ್ ತೆಗೆದುಕೊಂಡ ಮೊದಲ ಒಂದು ಗಂಟೆಯಲ್ಲಿ ಹಾರ್ಟ್ ಅಟ್ಯಾಕ್‌ನ ಅಪಾಯ ಸುಮಾರು 24 ಪಟ್ಟು. ರಕ್ತನಾಳದಲ್ಲಿ ಕೊಬ್ಬು ಕಟ್ಟಿರಲೇಬೇಕು ಅಂತಿಲ್ಲ. ಇದರ ಮೇಲೆ ಕೊಕೇನ್‌ಗೆ ಇನ್ನೊಂದು ಗುಣ ಇದೆ. ಅದು ಮರಗಟ್ಟಿಸುವ ಔಷಧಿಯೂ ಹೌದು. 1884ರಲ್ಲಿ ಕಣ್ಣಿನ ಆಪರೇಷನ್‌ಗೆ ಬಳಸಿದ್ದು ಅದೇ ಗುಣಕ್ಕೆ. ನರವನ್ನು ಮರಗಟ್ಟಿಸುವ ಹಾಗೆಯೇ ಹೃದಯದ ವಿದ್ಯುತ್ ದಾರಿಯನ್ನೂ ನಿಧಾನ ಮಾಡುತ್ತದೆ. ಬಡಿತ ಅಡ್ಡಾದಿಡ್ಡಿಯಾಗಿ ಸಾವು ಬರಬಹುದು. ಜೊತೆಗೆ ಕುಡಿದಿದ್ದರೆ ಯಕೃತ್ತಿನಲ್ಲಿ ಕೊಕೆಥಿಲೀನ್ ತಯಾರಾಗುತ್ತದೆ. ಅದು ಕೊಕೇನ್‌ಗಿಂತ ಹೆಚ್ಚು ಹೊತ್ತು ಮೈಯಲ್ಲಿ ಉಳಿಯುತ್ತದೆ.

ಮೆಥಾಂಫೆಟಮಿನ್ ಕೂಡ ಹಾರ್ಟ್ ಅಟ್ಯಾಕ್ ತರಬಲ್ಲದು, ಮಹಾಪಧಮನಿಯನ್ನು ಸೀಳಬಲ್ಲದು, ಮೆದುಳಿನಲ್ಲಿ ರಕ್ತಸ್ರಾವ ಮಾಡಬಲ್ಲದು. ಆದರೆ ಅದರ ಮುಖ್ಯ ದಾರಿ ಬೇರೆ. ಅದು ವಾಪಸಾತಿ ತಡೆದು ಸುಮ್ನೆ ಕೂರುವುದಿಲ್ಲ. ನರದ ತುದಿಯೊಳಗೇ ನುಗ್ಗಿ, ಅಲ್ಲಿ ಕೂಡಿಟ್ಟ ನಾರ್ ಅಡ್ರಿನಲಿನ್, ಮೆದುಳಿನಲ್ಲಿ ಹುರುಪು ತರುವ ಡೋಪಮಿನ್ ಎಲ್ಲವನ್ನೂ ಹೊರಕ್ಕೆ ಸುರಿಸುತ್ತದೆ. ಸಮಯದ ಲೆಕ್ಕವೂ ಬೇರೆ. ರಕ್ತದಲ್ಲಿ ಕೊಕೇನ್ ಅರ್ಧಕ್ಕಿಳಿಯಲು ಸುಮಾರು ಒಂದು ಗಂಟೆ ಸಾಕು. ಮೆಥಾಂಫೆಟಮಿನ್‌ಗೆ 10ರಿಂದ 12 ಗಂಟೆ ಬೇಕು. ಅಂದರೆ ರಾತ್ರಿ ಸೇದಿದ್ದು ಮಾರನೇ ದಿನ ಮಧ್ಯಾಹ್ನವೂ ಹೃದಯವನ್ನು ಓಡಿಸುತ್ತಲೇ ಇರುತ್ತದೆ. ವಾರಕ್ಕೆ ನಾಲ್ಕೈದು ದಿನ ಸೇದುವವನ ಹೃದಯಕ್ಕೆ ವಿರಾಮ ಅನ್ನುವುದೇ ಇಲ್ಲ.

ಹೀಗೆ ವರ್ಷಗಟ್ಟಲೆ ನಾರ್ ಅಡ್ರಿನಲಿನ್ ಸುರಿದರೆ ಹೃದಯದ ಸ್ನಾಯುಕೋಶಗಳೊಳಗೆ ಕ್ಯಾಲ್ಸಿಯಂ ತುಂಬಿಕೊಳ್ಳುತ್ತದೆ. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಕೆಡುತ್ತವೆ. ಅಲ್ಲೊಂದು ಇಲ್ಲೊಂದು ಕೋಶ ಸಾಯುತ್ತದೆ, ಆ ಜಾಗದಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಇದಕ್ಕೆ ನೋವಿಲ್ಲ. ಒಂದು ರಕ್ತನಾಳ ಮುಚ್ಚಿ ಒಂದು ಭಾಗ ಒಟ್ಟಿಗೆ ಸತ್ತರೆ ನೋವು ಬರುತ್ತದೆ. ಕೋಶಗಳು ಒಂದೊಂದಾಗಿ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಇಎಫ್ ನೆಲ ಮುಟ್ಟಿದಾಗ, ಅದೂ ಕೆಮ್ಮಿನ ರೂಪದಲ್ಲಿ. ಎಳೆ ವಯಸ್ಸಿನವರಿಗೆ ಕೆಮ್ಮು ದಮ್ಮು ಬಂದರೆ ಯಾರೂ ಹೃದಯದ ಕಡೆ ನೋಡುವುದಿಲ್ಲ, ಅಲ್ವಾ?

ಇಲ್ಲಿ ಒಂದು ಗೊಂದಲ ಬೇಡ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರುವವರಿಗೆ ಡಾಕ್ಟರು ಬರೆದುಕೊಡುವ ಉತ್ತೇಜಕ ಮಾತ್ರೆಗಳೂ ಇದೇ ಕುಟುಂಬದವು. ಆದರೆ ಅಳೆದ ಪ್ರಮಾಣ, ಬಾಯಿಯ ಮೂಲಕ ನಿಧಾನ ಹೀರಿಕೆ, ಬಿಪಿ ನಾಡಿಯ ಮೇಲೆ ಕಣ್ಣು, ಇದೆಲ್ಲ ಇರುವಾಗ ಲೆಕ್ಕವೇ ಬೇರೆ. ಇದನ್ನು ಓದಿ ಯಾರೂ ಆ ಮಾತ್ರೆಗಳನ್ನು ತಾವೇ ನಿಲ್ಲಿಸಬಾರದು.

ಉತ್ತರ ಗೊತ್ತಾದ ಮೇಲೆ ಏನು ಬದಲಾಯಿತು

ಮೂತ್ರ ಪರೀಕ್ಷೆಗೆ ಒಪ್ಪಿದರು, ಪಾಸಿಟಿವ್ ಬಂತು. ಮೆಥಾಂಫೆಟಮಿನ್ ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನ ಮೂತ್ರದಲ್ಲಿ ಸಿಗುತ್ತದೆ. ಆದರೆ ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿಯ ಪರೀಕ್ಷೆಯನ್ನು ಕಣ್ಣುಮುಚ್ಚಿ ನಂಬಬಾರದು. ನೆಗಡಿ ಮಾತ್ರೆಯ ಸ್ಯೂಡೋಎಫೆಡ್ರಿನ್, ಖಿನ್ನತೆಗೆ ಕೊಡುವ ಬುಪ್ರೊಪಿಯಾನ್, ಬಿಪಿಗೆ ಕೊಡುವ ಲ್ಯಾಬೆಟಲಾಲ್ ಕೂಡ ಅದನ್ನು ಪಾಸಿಟಿವ್ ಮಾಡಬಲ್ಲವು. ಇಲ್ಲಿ ರೋಗಿಯೇ ಹೇಳಿದ್ದರಿಂದ ಆ ಚರ್ಚೆ ಬರಲಿಲ್ಲ.

ಬೀಟಾ ಬ್ಲಾಕರ್ ವಿಷಯ ಮತ್ತೆ ಬಂತು. ನಾರ್ ಅಡ್ರಿನಲಿನ್ ಎರಡು ಬಗೆಯ ಗ್ರಾಹಕಗಳ ಮೂಲಕ ಕೆಲಸ ಮಾಡುತ್ತದೆ: ಬೀಟಾ ಬಡಿತ ಏರಿಸುತ್ತದೆ, ಆಲ್ಫಾ ರಕ್ತನಾಳ ಬಿಗಿಸುತ್ತದೆ. ಮೈಯಲ್ಲಿ ಕೊಕೇನ್ ಇರುವಾಗ ಬರೀ ಬೀಟಾ ತಡೆಯುವ ಔಷಧಿ ಕೊಟ್ಟರೆ, ರಕ್ತನಾಳ ಬಿಗಿಸುವ ಆಲ್ಫಾ ಕೆಲಸಕ್ಕೆ ತಡೆಯೇ ಇರುವುದಿಲ್ಲ. ಹೃದಯದ ರಕ್ತನಾಳ ಇನ್ನಷ್ಟು ಬಿಗಿಯುತ್ತದೆ. ಪ್ರೊಪ್ರನಲಾಲ್ ಕೊಟ್ಟು ಇದನ್ನು 1990ರಲ್ಲಿ ಅಳೆದು ತೋರಿಸಿದ್ದಾರೆ. ಅದಕ್ಕೇ ನಶೆ ಏರಿದ ಸ್ಥಿತಿಯಲ್ಲಿ ಬಂದವರಿಗೆ ಮೊದಲು ಕೊಡುವುದು ಬೆಂಜೊಡಯಾಜೆಪೀನ್ ಗುಂಪಿನ ಶಾಂತಗೊಳಿಸುವ ಔಷಧಿ. ಮೆದುಳು ತಣ್ಣಗಾದರೆ ಬಿಪಿ, ನಾಡಿ ತಾವಾಗಿಯೇ ಇಳಿಯುತ್ತವೆ. ಆದರೆ "ಡ್ರಗ್ಸ್ ತಗೋತಾರೆ, ಬೀಟಾ ಬ್ಲಾಕರ್ ಬೇಡ" ಅಂತ ಜೀವನಪೂರ್ತಿ ಗೆರೆ ಎಳೆಯುವುದು ನನ್ನ ಪ್ರಕಾರ ತಪ್ಪು. ದುರ್ಬಲ ಹೃದಯವನ್ನು ಉಳಿಸುವ ಔಷಧಿಗಳಲ್ಲಿ ಅದೂ ಒಂದು. ಈತನಿಗೆ ಐದನೇ ದಿನ, ನೀರು ಇಳಿದು ಮೈ ಒಣಗಿದ ಮೇಲೆ, ಆಲ್ಫಾ ಬೀಟಾ ಎರಡನ್ನೂ ತಡೆಯುವ ಕಾರ್ವೆಡಿಲಾಲ್ 3.125 ಮಿಲಿಗ್ರಾಂ ದಿನಕ್ಕೆರಡು ಸಲ ಶುರು ಮಾಡಿದರು. ಉಳಿದವು ದುರ್ಬಲ ಹೃದಯಕ್ಕೆ ಮಾಮೂಲಿಯಾಗಿ ಕೊಡುವಂಥವು: ಸಕ್ಯುಬಿಟ್ರಿಲ್-ವಲ್ಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೋಜಿನ್. ಗಡ್ಡೆಗೆ ವಾರ್ಫರಿನ್. ಕ್ಯೂಟಿಸಿ ಉದ್ದ ಇದ್ದದ್ದರಿಂದ ಅದನ್ನು ಇನ್ನೂ ಎಳೆಯುವ ಔಷಧಿಗಳನ್ನು ದೂರ ಇಟ್ಟರು. ಮೂಗು ಕಟ್ಟಿದರೆ ಅಂಗಡಿಯಿಂದ ನೆಗಡಿ ಮಾತ್ರೆ ತಂದು ನುಂಗಬೇಡಿ ಅಂತ ಬಿಡುಗಡೆ ಚೀಟಿಯಲ್ಲಿ ಬರೆದರು. ಸ್ಯೂಡೋಎಫೆಡ್ರಿನ್ ಕೂಡ ಉತ್ತೇಜಕವೇ.

ಎಂಆರ್‌ಐನಲ್ಲಿ ಒಂದು ಒಳ್ಳೆಯ ಸುದ್ದಿ ಇತ್ತು. ಎರಡು ಕುಹರಗಳ ನಡುವಿನ ಗೋಡೆಯಲ್ಲಿ ತೆಳ್ಳನೆಯ ಒಂದು ಗೆರೆಯಷ್ಟೇ ನಾರು. ಅಂದರೆ ಸ್ನಾಯು ಬಳಲಿದೆ, ಆದರೆ ಬಹುಪಾಲು ಬದುಕಿದೆ. 2017ರಲ್ಲಿ ಜರ್ಮನಿಯ ವೈದ್ಯರು ಇಂಥ 30 ರೋಗಿಗಳ ವರದಿ ಪ್ರಕಟಿಸಿದರು. ಮೂರರಲ್ಲೊಬ್ಬರ ಹೃದಯದೊಳಗೆ ಈತನ ಹಾಗೆ ಗಡ್ಡೆ ಇತ್ತು. ಡ್ರಗ್ಸ್ ಬಿಟ್ಟವರ ಹೃದಯ ಚೇತರಿಸಿಕೊಂಡಿತು, ಮುಂದುವರಿಸಿದವರದು ಔಷಧಿ ನುಂಗಿದರೂ ಹಾಗೇ ಉಳಿಯಿತು. ಹೆಚ್ಚು ಕಾಲ ಸೇದಿದಷ್ಟೂ ನಾರು ಜಾಸ್ತಿ. ಹಾರ್ಟ್ ಫೇಲ್ಯೂರ್‌ನ ತುಂಬ ಕಾರಣಗಳಲ್ಲಿ "ಬಿಟ್ಟರೆ ವಾಪಸ್ ಬರುತ್ತೆ" ಅಂತ ಹೇಳುವ ಅವಕಾಶ ಡಾಕ್ಟರಿಗೆ ಸಿಗುವುದಿಲ್ಲ. ಇದರಲ್ಲಿ ಸಿಗುತ್ತದೆ. ಆದರೆ ಹಾಗೆ ಹೇಳಬೇಕಾದರೆ ಕಾರಣ ಏನು ಅಂತ ಗೊತ್ತಿರಬೇಕು. ಫೈಲಿನಲ್ಲಿ "ಡ್ರಗ್ಸ್ ಇಲ್ಲ" ಅಂತ ಇದ್ದಿದ್ದರೆ ಯಾರೂ ಹೇಳುತ್ತಿರಲಿಲ್ಲ.

ಬಿಡುವುದು

ಅಫೀಮು ಜಾತಿಯ ಡ್ರಗ್ಸ್ ಬಿಡಿಸಲು ಮೆಥಡೋನ್, ಬ್ಯುಪ್ರೆನಾರ್ಫಿನ್ ಇವೆ. ಮೆಥಾಂಫೆಟಮಿನ್‌ಗೆ ಹಾಗೆ ಒಪ್ಪಿತವಾದ ಔಷಧಿ ಇಲ್ಲ. ನಾಲ್ಟ್ರೆಕ್ಸೋನ್ ಇಂಜೆಕ್ಷನ್ ಜೊತೆ ಬುಪ್ರೊಪಿಯಾನ್ ಕೊಟ್ಟು ನೋಡಿದ ಒಂದು ಪ್ರಯೋಗ 2021ರಲ್ಲಿ ಪ್ರಕಟವಾಯಿತು: ಔಷಧಿ ಪಡೆದವರಲ್ಲಿ ಶೇ 13.6 ಮಂದಿಗೆ ಫಲ ಕಂಡಿತು, ಸುಳ್ಳು ಮಾತ್ರೆ ಪಡೆದವರಲ್ಲಿ ಶೇ 2.5. ಏನೂ ಇಲ್ಲ ಅನ್ನುವುದಕ್ಕಿಂತ ವಾಸಿ, ಅಷ್ಟೆ. ಅದಕ್ಕಿಂತ ಗಟ್ಟಿ ಪುರಾವೆ ಇರುವುದು ಒಂದು ಸರಳ ಪದ್ಧತಿಗೆ. ವಾರಕ್ಕೆ ಎರಡು ಸಲ ಮೂತ್ರ ಪರೀಕ್ಷೆ. ಸ್ವಚ್ಛ ಬಂದರೆ ಒಂದು ಸಣ್ಣ ಬಹುಮಾನ, ಸತತವಾಗಿ ಸ್ವಚ್ಛ ಬಂದರೆ ಬಹುಮಾನ ಏರುತ್ತಾ ಹೋಗುತ್ತದೆ. "ಡ್ರಗ್ಸ್ ಬಿಡೋಕೂ ಬಹುಮಾನ ಕೊಡಬೇಕಾ?" ಅಂತ ಮೂಗು ಮುರಿಯುವವರು ಇದ್ದಾರೆ. ಕೆಲಸ ಮಾಡುತ್ತದೆ ಅನ್ನುವುದು ನನಗೆ ಸಾಕು.

ಈತ ಆ ಪದ್ಧತಿಗೆ ಸೇರಿದರು, ಹಗಲು ಪಾಳಿಗೆ ಬದಲಾಯಿಸಿಕೊಂಡರು. ಮೊದಲ ತಿಂಗಳು ಕಷ್ಟ: ಮೈ ಭಾರ, ಯಾವುದರಲ್ಲೂ ಆಸಕ್ತಿ ಇಲ್ಲ, ಅಳು. ಡೋಪಮಿನ್ ಬರಿದಾದ ಮೆದುಳು ಹಾಗೇ ಇರುತ್ತದೆ. ಕೌನ್ಸೆಲರ್ ಇದನ್ನು ಮೊದಲೇ ಹೇಳಿಟ್ಟಿದ್ದರು. ಏಳನೇ ವಾರ ಜಾರಿದರು. ಎರಡು ರಾತ್ರಿ ಸೇದಿ, ಮೂರನೇ ದಿನ ತಾವೇ ಕ್ಲಿನಿಕ್‌ಗೆ ಬಂದು "ತಪ್ಪಾಯ್ತು, ಬಿಪಿ ನೋಡಿ" ಅಂದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಮುಂದಿನ ಸಲ ಬರುತ್ತಿರಲಿಲ್ಲ ಅನ್ನುವುದು ಅನುಭವ ಇರುವ ಎಲ್ಲರಿಗೂ ಗೊತ್ತು. ಕಾರ್ವೆಡಿಲಾಲ್ ನಿಲ್ಲಿಸಬೇಕಾ ಅನ್ನುವ ಪ್ರಶ್ನೆ ಬಂತು; ಮುಂದುವರಿಸಿದರು.

ಮೂರು ತಿಂಗಳಿಗೆ ಗಡ್ಡೆ ಕರಗಿತ್ತು, ವಾರ್ಫರಿನ್ ನಿಲ್ಲಿಸಿದರು. ಇಎಫ್ 31. ಇಲ್ಲೊಂದು ಕಷ್ಟದ ತೀರ್ಮಾನ. ಮೂರು ತಿಂಗಳು ಔಷಧಿ ಕೊಟ್ಟ ಮೇಲೂ ಇಎಫ್ 35 ದಾಟದಿದ್ದರೆ, ದಿಢೀರ್ ಸಾವು ತಡೆಯಲು ಎದೆಯಲ್ಲಿ ಐಸಿಡಿ ಯಂತ್ರ ಕೂರಿಸುವುದನ್ನು ಯೋಚಿಸಬೇಕು ಅನ್ನುತ್ತವೆ ಮಾರ್ಗಸೂಚಿಗಳು. ಒಬ್ಬ ಡಾಕ್ಟರ್ ಕೂರಿಸೋಣ ಅಂದರು. ಇನ್ನೊಬ್ಬರ ವಾದ: ಎರಡು ರಾತ್ರಿ ಜಾರಿದ್ದರೂ 18 ಇದ್ದದ್ದು 31ಕ್ಕೆ ಬಂದಿದೆ, ಅಂದರೆ ಏರುವ ದಾರಿಯಲ್ಲಿದೆ; ಮತ್ತೆ ಸೇದಿ ಬಡಿತ 180 ಆದರೆ ಯಂತ್ರ ಸುಮ್ಮಸುಮ್ಮನೆ ಶಾಕ್ ಕೊಡಬಹುದು; ಒಮ್ಮೆ ಕೂರಿಸಿದ್ದನ್ನು ತೆಗೆಯುವುದು ಸುಲಭವಲ್ಲ. ಎರಡೂ ಕಡೆ ನ್ಯಾಯ ಇದೆ. ರೋಗಿಯ ಮುಂದೆಯೇ ಎರಡನ್ನೂ ಇಟ್ಟು ಕೇಳಿದರು. ಇನ್ನು ಮೂರು ತಿಂಗಳು ಕಾಯೋಣ ಅಂದರು ಆತ. ಏಳನೇ ತಿಂಗಳ ಎಕೋದಲ್ಲಿ ಇಎಫ್ 43. ಯಂತ್ರದ ಮಾತು ಅಲ್ಲಿಗೆ ನಿಂತಿತು. ಶ್ವಾಸಕೋಶದ ರಕ್ತನಾಳಗಳ ಒತ್ತಡವೂ ಜೊತೆಗೇ ಇಳಿದಿತ್ತು. ಅದೊಂದು ಸಮಾಧಾನ, ಯಾಕೆಂದರೆ ಮೆಥಾಂಫೆಟಮಿನ್ ಆ ರಕ್ತನಾಳಗಳನ್ನೇ ನೇರವಾಗಿ ಕೆಡಿಸುವುದೂ ಉಂಟು. ಹಾಗೆ ಆಗಿದ್ದರೆ ಒತ್ತಡ ಇಳಿಯುತ್ತಿರಲಿಲ್ಲ.

ವರ್ಷ ತುಂಬಿದಾಗ ಇಎಫ್ 51. ಆತ ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆ: "ಇನ್ನು ಮಾತ್ರೆ ನಿಲ್ಲಿಸಬಹುದಾ ಸರ್?"

ಹಿಗ್ಗಿದ ಹೃದಯ ಚೇತರಿಸಿಕೊಂಡವರಲ್ಲಿ ಮಾತ್ರೆ ನಿಲ್ಲಿಸಿ ನೋಡಿದ ಒಂದು ಬ್ರಿಟಿಷ್ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಆರು ತಿಂಗಳೊಳಗೆ ಶೇ 44 ಮಂದಿಗೆ ಕಾಯಿಲೆ ಮರುಕಳಿಸಿತು. ಅದು ಮೆಥಾಂಫೆಟಮಿನ್ ರೋಗಿಗಳ ಮೇಲೆ ಮಾಡಿದ ಪ್ರಯೋಗ ಅಲ್ಲ, ನಿಜ. ಆದರೂ ಅಷ್ಟು ದೊಡ್ಡ ಅಂಕಿ ಕಣ್ಣೆದುರಿಗೆ ಇರುವಾಗ ನಿಲ್ಲಿಸಿ ಅನ್ನಲು ಯಾವ ಡಾಕ್ಟರಿಗೂ ಬಾಯಿ ಬರುವುದಿಲ್ಲ. ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಮಾತ್ರೆಯನ್ನಷ್ಟೇ ನಿಲ್ಲಿಸಿದರು. ಉಳಿದ ನಾಲ್ಕೂ ಮುಂದುವರಿದಿವೆ. ಎಕೋ ಆರು ತಿಂಗಳಿಗೊಮ್ಮೆ, ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಮೂರು ತಿಂಗಳಿಗೊಮ್ಮೆ. ಮೂತ್ರ ಪರೀಕ್ಷೆ ಈಗ ಕಡ್ಡಾಯ ಅಲ್ಲ. ಆತನೇ ಕೇಳಿ ತಿಂಗಳಿಗೊಮ್ಮೆ ಮಾಡಿಸಿಕೊಳ್ಳುತ್ತಾರೆ.